ಜಿಲ್ಲೆಗೊಂದು ಎಚ್‌ಐವಿ ಅಂಕಿ: ಓದುವುದು ಹೇಗೆ, ಕೇಳಬೇಕಾದ್ದು ಏನು

"ನಮ್ಮ ಜಿಲ್ಲೇಲಿ ಎಚ್‌ಐವಿ ಜಾಸ್ತಿನಾ, ಕಡಿಮೆನಾ?" ವಿಶ್ವ ಏಡ್ಸ್ ದಿನ, ಅಂದರೆ ಡಿಸೆಂಬರ್ 1 ಹತ್ತಿರ ಬಂದಾಗ ದಾವಣಗೆರೆ, ಚಿತ್ರದುರ್ಗದ ಕಡೆ ಈ ಪ್ರಶ್ನೆ ಒಂದು ಸಲ ಎದ್ದು ಮಲಗುತ್ತದೆ. ಜಾಥಾ ನಡೆಯುತ್ತದೆ. ಪತ್ರಿಕೆಯಲ್ಲಿ ಒಂದು ಅಂಕಿ ಬರುತ್ತದೆ. ಓದಿದವರು ಪಕ್ಕದ ಜಿಲ್ಲೆಗೆ ಹೋಲಿಸಿ "ನಾವೇ ವಾಸಿ" ಅಂತಲೋ, "ಅಯ್ಯೋ ಇಷ್ಟೊಂದಾ" ಅಂತಲೋ ಹೇಳಿ ಪುಟ ತಿರುವುತ್ತಾರೆ. ಆ ಅಂಕಿಯಲ್ಲಿ ಯಾರು ಸೇರಿದ್ದಾರೆ, ಯಾರು ಬಿಟ್ಟುಹೋಗಿದ್ದಾರೆ ಅಂತ ಕೇಳುವವರು ಕಡಿಮೆ. ಅದು ಗೊತ್ತಿಲ್ಲದೆ ಜಾಸ್ತಿ ಕಡಿಮೆ ಅನ್ನುವ ಮಾತಿಗೆ ಅರ್ಥವೇ ಇಲ್ಲ.

ಮೊದಲು ಜಿಲ್ಲೆ ಅನ್ನುವುದನ್ನೇ ನೋಡೋಣ. 1997ರವರೆಗೆ ದಾವಣಗೆರೆ ಚಿತ್ರದುರ್ಗ ಜಿಲ್ಲೆಯ ಒಂದು ತಾಲ್ಲೂಕಾಗಿತ್ತು. ಆ ವರ್ಷ ಚಿತ್ರದುರ್ಗದಿಂದ ದಾವಣಗೆರೆ, ಹರಿಹರ, ಜಗಳೂರು, ಶಿವಮೊಗ್ಗದಿಂದ ಹೊನ್ನಾಳಿ, ಚನ್ನಗಿರಿ, ಬಳ್ಳಾರಿಯಿಂದ ಹರಪನಹಳ್ಳಿ ಸೇರಿಸಿ ಹೊಸ ಜಿಲ್ಲೆ ಮಾಡಿದರು. ಮುಂದೆ ಹರಪನಹಳ್ಳಿ ಮತ್ತೆ ಬಳ್ಳಾರಿಗೆ ಹೋಯಿತು. 2021ರಿಂದ ಅದು ವಿಜಯನಗರ ಜಿಲ್ಲೆಯಲ್ಲಿದೆ. ಅಂದರೆ 2010ರ "ದಾವಣಗೆರೆ ಜಿಲ್ಲೆ" ಮತ್ತು ಇವತ್ತಿನ "ದಾವಣಗೆರೆ ಜಿಲ್ಲೆ" ಒಂದೇ ಅಲ್ಲ. ಅಲ್ಲಿಗೆ ಇಲ್ಲಿಗೆ ಒಂದು ಗೆರೆ ಎಳೆದು "ಇಷ್ಟು ಇಳಿದಿದೆ" ಅನ್ನುವ ಮೊದಲು ಒಂದಿಡೀ ತಾಲ್ಲೂಕು ಲೆಕ್ಕದಿಂದ ಎದ್ದು ಹೋಗಿದೆ ಅನ್ನುವುದು ನೆನಪಿರಬೇಕು.

ಇನ್ನು ಅಂಕಿಗಳ ವಿಷಯ. ನಾವು ಪತ್ರಿಕೆಯಲ್ಲಿ ನೋಡುವ ಎಚ್‌ಐವಿ ಅಂಕಿಗಳಲ್ಲಿ ಮೂರು ಜಾತಿ ಇವೆ. ಒಂದು, ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ, ಅಂದರೆ ನ್ಯಾಕೋ, ಗಣಿತದ ಮಾದರಿ ಹಾಕಿ ಕೊಡುವ ಅಂದಾಜು. ಎರಡು, ಆಯ್ದ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ರಕ್ತ ಪರೀಕ್ಷೆ ಮಾಡಿ ತೆಗೆಯುವ ಸಮೀಕ್ಷೆಯ ಅಂಕಿ. ಮೂರು, ಈ ವರ್ಷ ನಮ್ಮ ಕೇಂದ್ರಗಳಲ್ಲಿ ಇಷ್ಟು ಜನ ಪರೀಕ್ಷೆ ಮಾಡಿಸಿಕೊಂಡರು, ಅವರಲ್ಲಿ ಇಷ್ಟು ಜನಕ್ಕೆ ಪಾಸಿಟಿವ್ ಬಂತು ಅನ್ನುವ ಜಿಲ್ಲಾ ವರದಿ. ಮೂರೂ ಬೇರೆ ಬೇರೆ ಪ್ರಶ್ನೆಗೆ ಉತ್ತರ. ಆದರೆ ಸುದ್ದಿಯಲ್ಲಿ ಬರುವಾಗ ಮೂರನ್ನೂ "ಸೋಂಕಿನ ಪ್ರಮಾಣ" ಅಂತ ಒಂದೇ ಹೆಸರಿನಲ್ಲಿ ಕರೆದುಬಿಡುತ್ತಾರೆ.

ಅಂದಾಜಿನ ಪ್ರಕಾರ 2021ರಲ್ಲಿ ದೇಶದ 15ರಿಂದ 49 ವಯಸ್ಸಿನವರಲ್ಲಿ ಶೇ. 0.21ರಷ್ಟು ಜನರಿಗೆ ಎಚ್‌ಐವಿ ಇತ್ತು. ಸಾವಿರಕ್ಕೆ ಇಬ್ಬರು ಅಂದುಕೊಳ್ಳಿ. ಕರ್ನಾಟಕದ ಅಂಕಿ ಶೇ. 0.46. ದೇಶದ ಸರಾಸರಿಯ ಎರಡು ಪಟ್ಟಿಗಿಂತ ಜಾಸ್ತಿ. ಮಿಜೋರಾಂನದು ಶೇ. 2.70, ನಾಗಾಲ್ಯಾಂಡ್‌ನದು 1.36, ಮಣಿಪುರದ್ದು 1.05, ನೆರೆಯ ಆಂಧ್ರದ್ದು 0.67. ತಲೆ ಎಣಿಸಿದರೆ ಪಟ್ಟಿ ಬದಲಾಗುತ್ತದೆ. ಮಹಾರಾಷ್ಟ್ರ ಮೊದಲು, ಆಂಧ್ರ ಎರಡನೆಯದು, ಸುಮಾರು 2.76 ಲಕ್ಷ ಜನರೊಂದಿಗೆ ಕರ್ನಾಟಕ ಮೂರನೆಯದು. ಮಿಜೋರಾಂನಲ್ಲಿ ಪ್ರಮಾಣ ಹೆಚ್ಚು, ಜನ ಕಡಿಮೆ. ನಮ್ಮಲ್ಲಿ ಪ್ರಮಾಣ ಕಡಿಮೆ, ಜನ ಜಾಸ್ತಿ. ಗುಳಿಗೆ ತರಿಸುವವರಿಗೆ ಎರಡನೆಯ ಲೆಕ್ಕ ಮುಖ್ಯ, ಸೋಂಕು ತಡೆಯುವವರಿಗೆ ಮೊದಲನೆಯದು.

ನಾನೂರು ಜನರ ಲೆಕ್ಕ

ಈ ಅಂದಾಜಿನ ಬುಡದಲ್ಲಿ ಇರುವುದು ಗರ್ಭಿಣಿಯರ ಸಮೀಕ್ಷೆ. 1998ರಿಂದ ದೇಶದಾದ್ಯಂತ ಇದು ನಡೆಯುತ್ತಿದೆ. ಈಗ ಎರಡು ವರ್ಷಕ್ಕೊಮ್ಮೆ. ಆಯ್ದ ಆಸ್ಪತ್ರೆಗೆ ತಪಾಸಣೆಗೆ ಬರುವ ಗರ್ಭಿಣಿಯರಲ್ಲಿ ಸರದಿಯ ಪ್ರಕಾರ 400 ಜನರ ರಕ್ತವನ್ನು, ಹೆಸರು ವಿಳಾಸ ಬಿಟ್ಟು, ಪರೀಕ್ಷೆ ಮಾಡುತ್ತಾರೆ. ಗರ್ಭಿಣಿಯರೇ ಯಾಕೆ? ಅವರು ಸಾಮಾನ್ಯ ಜನರ ನಡುವಿನವರು, ಹೇಗಿದ್ದರೂ ಆಸ್ಪತ್ರೆಗೆ ಬರುತ್ತಾರೆ, ರಕ್ತ ಕೊಡುತ್ತಾರೆ. ಮನೆ ಮನೆಗೆ ಹೋಗಿ ಸೂಜಿ ಚುಚ್ಚುವುದಕ್ಕಿಂತ ಇದು ಸುಲಭ.

ಈಗ ಒಂದು ಸಣ್ಣ ಲೆಕ್ಕ. ಒಂದು ಆಸ್ಪತ್ರೆಯ 400ರಲ್ಲಿ 2 ಪಾಸಿಟಿವ್ ಬಂದರೆ ಶೇ. 0.5. ಮುಂದಿನ ಸಲ 4 ಬಂದರೆ ಶೇ. 1. "ಎರಡು ಪಟ್ಟು ಏರಿಕೆ" ಅಂತ ತಲೆಬರಹ ಹಾಕಬಹುದು, ಸುಳ್ಳೇನಲ್ಲ. ಆದರೆ ಸಂಖ್ಯಾಶಾಸ್ತ್ರ ಬಲ್ಲವರು ಹೇಳುವುದು ಬೇರೆ. 400ರಲ್ಲಿ 4 ಅಂದರೆ ನಿಜವಾದ ಪ್ರಮಾಣ ಸುಮಾರು ಶೇ. 0.3ರಿಂದ 2.5ರವರೆಗೆ ಎಲ್ಲಿ ಬೇಕಾದರೂ ಇರಬಹುದು. 400ರಲ್ಲಿ 2 ಅಂದರೂ ಸುಮಾರು 0.1ರಿಂದ 1.8ರವರೆಗೆ. ಎರಡು ವ್ಯಾಪ್ತಿಗಳೂ ಒಂದರ ಮೇಲೊಂದು ಬೀಳುತ್ತವೆ. ಆ ತಿಂಗಳು ಇಬ್ಬರು ಬೇರೆ ಹೆಣ್ಣುಮಕ್ಕಳು ಬಂದಿದ್ದರೆ ಅಂಕಿ ಅದಲು ಬದಲು ಆಗುತ್ತಿತ್ತು. ಇಡೀ ರಾಜ್ಯದ ಆಸ್ಪತ್ರೆಗಳನ್ನು ಸೇರಿಸಿದಾಗ ಈ ಏರುಪೇರು ಮಟ್ಟವಾಗುತ್ತದೆ. ಹಾಗಾಗಿ ಕರ್ನಾಟಕದ ಗರ್ಭಿಣಿಯರಲ್ಲಿ 2010-11ರಲ್ಲಿ ಶೇ. 0.69 ಇದ್ದದ್ದು 2012-13ಕ್ಕೆ 0.53, 2014-15ಕ್ಕೆ 0.36 ಆಯಿತು ಅಂದರೆ ನಂಬಬಹುದು. ಒಂದೇ ಜಿಲ್ಲೆಯ ಒಂದೇ ಆಸ್ಪತ್ರೆಯ ಅಂಕಿ ಹಿಡಿದು ಜಗಳೂರಿಗೂ ಹಿರಿಯೂರಿಗೂ ಪೈಪೋಟಿ ಇಡಬಾರದು.

ನಮ್ಮ ಕಡೆ ಇನ್ನೊಂದು ತೊಡಕಿದೆ. ಮೊದಲ ಹೆರಿಗೆಗೆ ಹುಡುಗಿ ತವರಿಗೆ ಹೋಗುತ್ತಾಳೆ. ತಾಯಿ ಕಾರ್ಡ್ ಆಗಿದ್ದು ಗಂಡನ ಊರು ಹೊಳಲ್ಕೆರೆಯಲ್ಲಿ, ಹೆರಿಗೆ ತವರು ಹೊನ್ನಾಳಿಯಲ್ಲಿ. ಅವಳು ಯಾವ ಜಿಲ್ಲೆಯ ಲೆಕ್ಕ? ರಕ್ತ ಎಲ್ಲಿ ಕೊಟ್ಟಳೋ ಆ ಜಿಲ್ಲೆಯದು. ಈ ಓಡಾಟ ಅಂಕಿಗೆ ಮಾಡುವ ತೊಂದರೆ ಸಣ್ಣದು, ಮಗುವಿಗೆ ಮಾಡುವ ತೊಂದರೆ ದೊಡ್ಡದು. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಅಂದಾಜು ಎಷ್ಟು ಅಲುಗಾಡಬಹುದು ಅನ್ನುವುದಕ್ಕೆ 2007 ಒಳ್ಳೆಯ ಉದಾಹರಣೆ. ಅದಕ್ಕೆ ಮೊದಲು ಭಾರತದಲ್ಲಿ 50 ಲಕ್ಷಕ್ಕೂ ಹೆಚ್ಚು ಜನರಿಗೆ ಎಚ್‌ಐವಿ ಇದೆ ಅಂತ ಲೆಕ್ಕ ಹಾಕಿದ್ದರು. 2005-06ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಮನೆ ಮನೆಗೆ ಹೋಗಿ ಒಂದು ಲಕ್ಷಕ್ಕೂ ಹೆಚ್ಚು ಜನರ ರಕ್ತ ಪರೀಕ್ಷೆ ಮಾಡಿತು. ದೇಶದ ಪ್ರಮಾಣ ಶೇ. 0.28 ಅಂತ ಗೊತ್ತಾಯಿತು. ಕರ್ನಾಟಕದ್ದು 0.69, ಉತ್ತರ ಪ್ರದೇಶದ್ದು ಬರೀ 0.07. ಅಂದಾಜು ಒಂದೇ ಏಟಿಗೆ 25 ಲಕ್ಷಕ್ಕೆ ಇಳಿಯಿತು. ಯಾರಿಗೂ ರೋಗ ವಾಸಿಯಾಗಿರಲಿಲ್ಲ. ಎಣಿಸುವ ರೀತಿ ಬದಲಾಗಿತ್ತು, ಅಷ್ಟೇ. ಸರ್ಕಾರಿ ಆಸ್ಪತ್ರೆಗೆ ಬರುವವರನ್ನು ಮಾತ್ರ ನೋಡಿ ಇಡೀ ಊರನ್ನು ಅಳೆದರೆ ಹೀಗಾಗುತ್ತದೆ.

ಏರಿದ ಅಂಕಿ ಕೆಟ್ಟ ಸುದ್ದಿಯೇ?

ಹಿರಿಯೂರಿನ ವಾಣಿ ವಿಲಾಸ ಸಾಗರವನ್ನು ನೆನೆಸಿಕೊಳ್ಳಿ. 1933ರ ನಂತರ ಅದು ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಒಳಹರಿವು ಸಣ್ಣದಿದ್ದರೂ ಹೊರಹರಿವು ಅದಕ್ಕಿಂತ ಕಡಿಮೆಯಾದರೆ ಕಟ್ಟೆಯ ಮಟ್ಟ ಏರುತ್ತದೆ. ಎಚ್‌ಐವಿ ಜೊತೆ ಬದುಕುತ್ತಿರುವವರ ಸಂಖ್ಯೆಯೂ ಹಾಗೆಯೇ. ಒಳಗೆ ಬರುವುದು ಹೊಸ ಸೋಂಕು, ಹೊರಗೆ ಹೋಗುವುದು ಸಾವು. 2004ರ ಏಪ್ರಿಲ್ 1ರಿಂದ ಸರ್ಕಾರ ಉಚಿತವಾಗಿ ಎಆರ್‌ಟಿ, ಅಂದರೆ ವೈರಸ್ಸನ್ನು ಹತೋಟಿಯಲ್ಲಿಡುವ ಗುಳಿಗೆಗಳ ಚಿಕಿತ್ಸೆ ಕೊಡಲು ಶುರು ಮಾಡಿತು. ಮೊದಲು ಆಯ್ದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಅದಕ್ಕೆ ಮೊದಲು ಸಾಯುತ್ತಿದ್ದವರು ಈಗ ಬದುಕಿದ್ದಾರೆ, ದುಡಿಯುತ್ತಿದ್ದಾರೆ, ಮೊಮ್ಮಕ್ಕಳನ್ನು ಆಡಿಸುತ್ತಿದ್ದಾರೆ. ಅವರೆಲ್ಲ ಲೆಕ್ಕದಲ್ಲಿ ಉಳಿಯುತ್ತಾರೆ. ಒಂದು ಜಿಲ್ಲೆಯಲ್ಲಿ ಸೋಂಕಿತರ ಸಂಖ್ಯೆ ಮೆಲ್ಲಗೆ ಏರುತ್ತಿದ್ದರೆ ಅದು ಆ ಜಿಲ್ಲೆಯ ಆಸ್ಪತ್ರೆ ಚೆನ್ನಾಗಿ ಕೆಲಸ ಮಾಡುತ್ತಿರುವುದರ ಗುರುತೂ ಆಗಿರಬಹುದು.

ಹೊಸ ಸೋಂಕಿನ ಕಥೆ ತಿಳಿಯಬೇಕಾದರೆ ಎಳೆಯ ವಯಸ್ಸಿನವರನ್ನು ನೋಡಬೇಕು. 15ರಿಂದ 24ರ ಹುಡುಗಿಯರಿಗೆ ಸೋಂಕು ಬಂದಿದ್ದರೆ ಅದು ಈಚೆಗೇ ಬಂದಿರಬೇಕು. ಕರ್ನಾಟಕವೂ ಸೇರಿ ದಕ್ಷಿಣದ ನಾಲ್ಕು ರಾಜ್ಯಗಳಲ್ಲಿ ಈ ವಯಸ್ಸಿನ ಗರ್ಭಿಣಿಯರಲ್ಲಿ 2000ದಲ್ಲಿ ಶೇ. 1.7 ಇದ್ದ ಪ್ರಮಾಣ 2004ಕ್ಕೆ 1.1 ಆಗಿತ್ತು ಅಂತ 2006ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಉಚಿತ ಗುಳಿಗೆ ಊರೂರಿಗೆ ತಲುಪುವ ಮೊದಲೇ ಹೊಸ ಸೋಂಕು ಇಳಿಯತೊಡಗಿತ್ತು ಅಂತ ಆಯಿತು.

ಮೂರನೆಯ ಜಾತಿಯ ಅಂಕಿ, ಅಂದರೆ ಪರೀಕ್ಷಾ ಕೇಂದ್ರದ ವರದಿ, ಎಲ್ಲಕ್ಕಿಂತ ಹೆಚ್ಚು ದಾರಿ ತಪ್ಪಿಸುತ್ತದೆ. ಯಾರನ್ನು ಪರೀಕ್ಷೆ ಮಾಡಿದಿರಿ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಬರೀ ಗರ್ಭಿಣಿಯರನ್ನೂ ಆಪರೇಷನ್‌ಗೆ ಬಂದವರನ್ನೂ ನೋಡಿದರೆ ನೂರಕ್ಕೆ ಪಾಸಿಟಿವ್ ಕಡಿಮೆ ಬರುತ್ತದೆ. ಕ್ಷಯ ರೋಗಿಗಳು, ಲಾರಿ ಚಾಲಕರು, ಲೈಂಗಿಕ ವೃತ್ತಿಯ ಮಹಿಳೆಯರು, ಸೋಂಕಿತರ ಗಂಡ ಹೆಂಡತಿಯರು, ಇವರನ್ನು ಹುಡುಕಿ ನೋಡಿದರೆ ಜಾಸ್ತಿ ಬರುತ್ತದೆ. ಕೆಲಸ ಮಾಡಿದ ಜಿಲ್ಲೆ ಕೆಟ್ಟದಾಗಿ ಕಾಣುತ್ತದೆ, ಸುಮ್ನೆ ಕೂತ ಜಿಲ್ಲೆ ಒಳ್ಳೆಯದಾಗಿ ಕಾಣುತ್ತದೆ.

ದಾವಣಗೆರೆಗೆ ಇದು ಇನ್ನೂ ಜಾಸ್ತಿ ಅನ್ವಯಿಸುತ್ತದೆ. ಇದು ಆಸ್ಪತ್ರೆಗಳ ಊರು. ಚಿಗಟೇರಿ ಜಿಲ್ಲಾ ಆಸ್ಪತ್ರೆ, ಮೆಡಿಕಲ್ ಕಾಲೇಜುಗಳು, ಗಲ್ಲಿಗೊಂದು ನರ್ಸಿಂಗ್ ಹೋಮ್. ಹಾವೇರಿ, ಹರಪನಹಳ್ಳಿ, ಚಿತ್ರದುರ್ಗ ಕಡೆಯವರು ದೊಡ್ಡ ಕಾಯಿಲೆ ಅಂದರೆ ಇಲ್ಲಿಗೇ ಬರುತ್ತಾರೆ. ಇನ್ನು ಎಚ್‌ಐವಿ ಆದರೆ ಬೇಕಂತಲೇ ಬೇರೆ ಊರಿಗೆ ಹೋಗುವವರೂ ಇದ್ದಾರೆ. ಸ್ವಂತ ತಾಲ್ಲೂಕು ಆಸ್ಪತ್ರೆಯಲ್ಲಿ ಚೀಟಿ ಬರೆಯುವವರು ಪರಿಚಯದವರು, ಕ್ಯೂನಲ್ಲಿ ನಿಂತವರು ಬೀಗರ ಕಡೆಯವರು. ಯಾರಿಗೆ ಬೇಕು? ಹೀಗೆ ಒಂದು ಜಿಲ್ಲೆಯ ಸೋಂಕು ಇನ್ನೊಂದು ಜಿಲ್ಲೆಯ ದಫ್ತರಿನಲ್ಲಿ ಸೇರುತ್ತದೆ.

ಊರಿಂದ ಊರಿಗೆ ಯಾಕೆ ವ್ಯತ್ಯಾಸ

ಎಣಿಕೆಯ ತೊಡಕುಗಳನ್ನೆಲ್ಲ ಕಳೆದರೂ ನಿಜವಾದ ವ್ಯತ್ಯಾಸ ಉಳಿಯುತ್ತದೆ. ಮಿಜೋರಾಂ, ನಾಗಾಲ್ಯಾಂಡ್, ಮಣಿಪುರದಲ್ಲಿ ಮಾದಕ ವಸ್ತು ಚುಚ್ಚಿಕೊಳ್ಳುವ ಸೂಜಿ ಹಂಚಿಕೊಳ್ಳುವುದು ದೊಡ್ಡ ಕಾರಣ. ಕರ್ನಾಟಕದಲ್ಲಿ ಮುಖ್ಯವಾಗಿ ಹೆಣ್ಣು ಗಂಡಿನ ಲೈಂಗಿಕ ಸಂಪರ್ಕದಿಂದ ಹರಡಿದೆ. ಆದರೆ ರಾಜ್ಯದ ಒಳಗೇ ಉತ್ತರಕ್ಕೂ ದಕ್ಷಿಣಕ್ಕೂ ಅಜಗಜಾಂತರ. 2003ರಲ್ಲಿ ಬಾಗಲಕೋಟೆ ಜಿಲ್ಲೆಯಲ್ಲಿ ಸಾಮಾನ್ಯ ಜನರ ನಡುವೆಯೇ ಸಮೀಕ್ಷೆ ಮಾಡಿದಾಗ ಶೇ. 2.9 ಬಂತು. ಪಟ್ಟಣದ ರೋಗ ಅಂದುಕೊಂಡಿದ್ದು ಹಳ್ಳಿಯಲ್ಲಿ ಬೇರು ಬಿಟ್ಟಿತ್ತು. 2004ರಿಂದ 2007ರ ನಡುವೆ ಐದು ಜಿಲ್ಲೆಗಳ ಲೈಂಗಿಕ ವೃತ್ತಿಯ ಮಹಿಳೆಯರನ್ನು ಪರೀಕ್ಷಿಸಿದಾಗ ಬೆಳಗಾವಿಯಲ್ಲಿ ಮೂವರಲ್ಲಿ ಒಬ್ಬರಿಗೆ ಸೋಂಕಿತ್ತು. ನಮ್ಮ ಪಕ್ಕದ ಶಿವಮೊಗ್ಗದಲ್ಲಿ ಹತ್ತರಲ್ಲಿ ಒಬ್ಬರಿಗೆ. ಅದೇ ವೃತ್ತಿ, ಅದೇ ರಾಜ್ಯ.

ಇದನ್ನು ಜನರ ನಡತೆಗೆ ಕಟ್ಟುವುದು ಸುಲಭ. ನನಗೆ ಅದರಲ್ಲಿ ನಂಬಿಕೆ ಇಲ್ಲ. ಉತ್ತರದವರು ಕೆಟ್ಟವರು, ಮಲೆನಾಡಿನವರು ಒಳ್ಳೆಯವರು ಅನ್ನುವುದು ಮಾತಾ? ವೈರಸ್ಸಿಗೆ ಬೇಕಾದ್ದು ಕೊಂಡಿಗಳು. ಯಾರು ಯಾರ ಜೊತೆ, ಎಷ್ಟು ಬೇಗ ಬೇಗ, ಎಷ್ಟು ದೂರದ ಊರಿನವರ ಜೊತೆ ಸಂಪರ್ಕಕ್ಕೆ ಬರುತ್ತಾರೆ ಅನ್ನುವುದು. ಸೋಂಕು ತಗುಲಿದ ಮೊದಲ ಕೆಲವು ವಾರ ರಕ್ತದಲ್ಲಿ ವೈರಸ್ ತುಂಬಾ ಇರುತ್ತದೆ. ಆ ಹೊತ್ತಿನಲ್ಲಿ ಕೊಂಡಿಗಳು ಜಾಸ್ತಿ ಇದ್ದರೆ ಬೇಗ ಹರಡುತ್ತದೆ. ಆ ಕೊಂಡಿ ಬೆಸೆಯುವುದು ರಸ್ತೆ, ಬರ, ಕೂಲಿ ಮತ್ತು ಬಡತನ.

ನಮ್ಮ ಎರಡು ಜಿಲ್ಲೆಗಳ ನಕ್ಷೆಯನ್ನೇ ತೆಗೆದುಕೊಳ್ಳಿ. ಬೆಂಗಳೂರು-ಪುಣೆ ಹೆದ್ದಾರಿ ಹಿರಿಯೂರಿನಲ್ಲಿ ಒಳಗೆ ಬಂದು ಚಿತ್ರದುರ್ಗ, ದಾವಣಗೆರೆ, ಹರಿಹರ ದಾಟಿ ಹೋಗುತ್ತದೆ. ಚಿತ್ರದುರ್ಗದಲ್ಲಿ ಹೊಸಪೇಟೆ, ವಿಜಯಪುರ, ಸೊಲ್ಲಾಪುರದ ದಾರಿ ಒಡೆಯುತ್ತದೆ. ಹಿರಿಯೂರಿನಿಂದ ಚಳ್ಳಕೆರೆ ಮೇಲೆ ಬಳ್ಳಾರಿಗೆ ಇನ್ನೊಂದು. ರಾತ್ರಿ ಢಾಬಾಗಳ ಮುಂದೆ ನಿಲ್ಲುವ ಲಾರಿಗಳಲ್ಲಿ ನಾಲ್ಕಾರು ರಾಜ್ಯದ ನಂಬರ್ ಪ್ಲೇಟ್ ಕಾಣುತ್ತದೆ. ಅದಿರು ಗಣಿಗಾರಿಕೆ ಜೋರಾಗಿದ್ದ ಕಾಲದಲ್ಲಿ ಭೀಮಸಮುದ್ರದ ಕಡೆ ಲಾರಿಗಳ ಸಾಲು ಇನ್ನೂ ಉದ್ದ. 2011ರಲ್ಲಿ ಸುಪ್ರೀಂ ಕೋರ್ಟ್ ಚಿತ್ರದುರ್ಗದ ಗಣಿಗಳನ್ನೂ ನಿಲ್ಲಿಸಿದ ಮೇಲೆ ಆ ಸಾಲು ಕರಗಿತು.

ರಸ್ತೆಯಿಂದ ದೂರದ ಕಥೆ ಬೇರೆ. ಚಳ್ಳಕೆರೆ, ಮೊಳಕಾಲ್ಮೂರು, ಜಗಳೂರು ಮಳೆ ಕೈಕೊಡುವ ತಾಲ್ಲೂಕುಗಳು. ಶೇಂಗಾ ಕೈ ಹತ್ತದ ವರ್ಷ ಜನ ಗುಳೆ ಹೋಗುತ್ತಾರೆ. ಕೆಲವರು ಬೆಂಗಳೂರಿನ ಕಟ್ಟಡ ಕೆಲಸಕ್ಕೆ, ಕೆಲವರು ಚಿಕ್ಕಮಗಳೂರು, ಕೊಡಗಿನ ಕಾಫಿ ತೋಟಕ್ಕೆ. ಗಂಡಸು ತಿಂಗಳುಗಟ್ಟಲೆ ಶೆಡ್ಡಿನಲ್ಲಿ ಒಬ್ಬನೇ ಇರುತ್ತಾನೆ, ಹಬ್ಬಕ್ಕೆ ಊರಿಗೆ ಬರುತ್ತಾನೆ. ನಮ್ಮಲ್ಲಿ ಸೋಂಕಿತ ಹೆಂಗಸರಲ್ಲಿ ಬಹಳ ಜನಕ್ಕೆ ಸೋಂಕು ಬಂದದ್ದು ಕಟ್ಟಿಕೊಂಡ ಗಂಡನಿಂದ. ಅದೇ ಹೊತ್ತಿಗೆ ನೀರಾವರಿಯ ಚನ್ನಗಿರಿ, ಹೊನ್ನಾಳಿಗೆ ಅಡಿಕೆ ಕೊಯ್ಲಿಗೆ, ಭತ್ತದ ನಾಟಿಗೆ ಹೊರಗಿನ ಕೂಲಿಯವರು ಬರುತ್ತಾರೆ. ಒಂದೇ ಜಿಲ್ಲೆಯ ಒಂದು ತಾಲ್ಲೂಕು ಜನರನ್ನು ಕಳಿಸುತ್ತದೆ, ಇನ್ನೊಂದು ಕರೆಸಿಕೊಳ್ಳುತ್ತದೆ. ಜಿಲ್ಲೆಯ ಸರಾಸರಿ ಇವೆರಡನ್ನೂ ಕಲಸಿ ಮುಚ್ಚಿಬಿಡುತ್ತದೆ.

ಹರಪನಹಳ್ಳಿ ಕಡೆ ಇನ್ನೊಂದು ಎಳೆ ಇದೆ. ದೇವದಾಸಿ ಪದ್ಧತಿ ಬೇರು ಬಿಟ್ಟಿದ್ದ ತಾಲ್ಲೂಕುಗಳಲ್ಲಿ ಅದೂ ಒಂದು. 1982ರಲ್ಲೇ ರಾಜ್ಯ ಈ ಪದ್ಧತಿಯನ್ನು ಕಾನೂನಿನಿಂದ ನಿಷೇಧಿಸಿತು. ಕಾನೂನು ಬಂದ ತಕ್ಷಣ ದಲಿತ ಕೇರಿಯ ಹೆಣ್ಣುಮಕ್ಕಳಿಗೆ ಬೇರೆ ದುಡಿಮೆ ಸಿಗಲಿಲ್ಲ. ಎಳೆ ವಯಸ್ಸಿನಲ್ಲಿ ಮುತ್ತು ಕಟ್ಟಿ, ಆಮೇಲೆ ಪುಣೆ ಮುಂಬೈಗೆ ಸಾಗಿಸಿದ ಕಥೆಗಳು ಉತ್ತರ ಕರ್ನಾಟಕದ ಹೆಚ್ಚಿನ ಅಂಕಿಯ ಹಿಂದೆ ಇವೆ.

ಜಿಲ್ಲೆಯವರು ಏನು ಮಾಡಬಹುದು, ಏನು ಮಾಡುತ್ತಾರೆ

ಏಡ್ಸ್ ನಿಯಂತ್ರಣ ಕಾರ್ಯಕ್ರಮದ ಹಣ ಕೇಂದ್ರದ್ದು. 2021ರಿಂದ 2026ರ ಐದನೇ ಹಂತಕ್ಕೆ 15,471.94 ಕೋಟಿ ರೂಪಾಯಿ ಇಟ್ಟಿದ್ದಾರೆ. ಅದು ನ್ಯಾಕೋದಿಂದ ಕರ್ನಾಟಕ ರಾಜ್ಯ ಏಡ್ಸ್ ಪ್ರಿವೆನ್ಷನ್ ಸೊಸೈಟಿಗೆ, ಅಲ್ಲಿಂದ ಜಿಲ್ಲೆಗೆ ಇಳಿಯುತ್ತದೆ. ಗುಳಿಗೆ, ಪರೀಕ್ಷೆಯ ಕಿಟ್, ಆಪ್ತ ಸಮಾಲೋಚಕರ ಸಂಬಳ ಎಲ್ಲ ಆ ದಾರಿಯಲ್ಲೇ ಬರುತ್ತವೆ. ಹಾಗಾದರೆ ಜಿಲ್ಲಾಡಳಿತಕ್ಕೆ, ಜಿಲ್ಲಾ ಪಂಚಾಯತಿಗೆ, ಗ್ರಾಮ ಪಂಚಾಯತಿಗೆ ಉಳಿಯುವ ಕೆಲಸ ಏನು? ಮೇಲಿನಿಂದ ಬಂದದ್ದು ಕೆಳಗಿನವರಿಗೆ ಮುಟ್ಟುವಂತೆ ನೋಡಿಕೊಳ್ಳುವುದು. ಹೇಳಲು ಸಣ್ಣದು, ಮಾಡಲು ಸಣ್ಣದಲ್ಲ.

2007ರಲ್ಲಿ ಶುರುವಾದ ಮೂರನೇ ಹಂತದಲ್ಲಿ ಜಿಲ್ಲೆಗಳನ್ನು ಎ, ಬಿ, ಸಿ, ಡಿ ಅಂತ ಭಾಗ ಮಾಡಿದರು. ಹಿಂದಿನ ಮೂರು ವರ್ಷದಲ್ಲಿ ಯಾವುದೇ ಒಂದು ಆಸ್ಪತ್ರೆಯ ಗರ್ಭಿಣಿಯರಲ್ಲಿ ಪ್ರಮಾಣ ಶೇ. 1 ದಾಟಿದ್ದರೆ ಆ ಜಿಲ್ಲೆ ಎ. ಮೇಲಿನ ಲೆಕ್ಕ ನೆನಪಿದೆಯಲ್ವಾ? 400ರಲ್ಲಿ 5 ಜನ ಸಾಕು. ದೇಶದಲ್ಲಿ 156 ಜಿಲ್ಲೆಗಳು ಎ, 39 ಬಿ ಆದವು. ಕರ್ನಾಟಕದ ಬಹುತೇಕ ಜಿಲ್ಲೆಗಳು ಎ ಪಟ್ಟಿಯಲ್ಲೇ ಇದ್ದವು. ಎ ಮತ್ತು ಬಿ ಜಿಲ್ಲೆಗಳಿಗೆ ಜಿಲ್ಲಾ ಏಡ್ಸ್ ನಿಯಂತ್ರಣ ಘಟಕ ಬಂತು. ಜಿಲ್ಲಾಧಿಕಾರಿಯ ಅಧ್ಯಕ್ಷತೆಯಲ್ಲಿ ಸಮಿತಿ ಬಂತು. ಅಳತೆ ಒರಟಾಗಿತ್ತು, ಆದರೆ ಕೆಲಸಕ್ಕೆ ಬಂತು. ಮುಂದೆ ವರ್ಗ ಮಾಡುವ ರೀತಿ ಬದಲಾಯಿತು, ಜಿಲ್ಲಾ ಘಟಕಗಳನ್ನೂ ಒಟ್ಟುಗೂಡಿಸಿ ದಿಶಾ ಅನ್ನುವ ವ್ಯವಸ್ಥೆ ತಂದರು. ಸೋಂಕು ಇಳಿದಾಗ ಸಿಬ್ಬಂದಿ ಇಳಿಸುವುದು ಕಾಗದದ ಮೇಲೆ ಸರಿ ಕಾಣುತ್ತದೆ. ನನ್ನ ಪ್ರಕಾರ ಇಲ್ಲಿ ಆತುರ ಅಪಾಯ. ಸೋಂಕು ಇಳಿದದ್ದೇ ಆ ಸಿಬ್ಬಂದಿಯಿಂದ. ಅವರಲ್ಲಿ ಹೆಚ್ಚಿನವರು ಗುತ್ತಿಗೆಯವರು. ವರ್ಷಗಟ್ಟಲೆ ನಂಬಿಕೆ ಗಳಿಸಿದ ಸಮಾಲೋಚಕಿ ಕೆಲಸ ಬಿಟ್ಟರೆ ಆಕೆಯ ಜೊತೆ ಬರುತ್ತಿದ್ದವರೂ ಚದುರುತ್ತಾರೆ.

ಕರ್ನಾಟಕದಲ್ಲಿ ಫಲ ಕೊಟ್ಟ ಕೆಲಸ ಯಾವುದು ಅಂತ ಕೇಳಿದರೆ, ಗೋಡೆ ಬರಹ ಮತ್ತು ಭಾಷಣಕ್ಕೆ ನಾನು ಜಾಸ್ತಿ ಅಂಕ ಕೊಡುವುದಿಲ್ಲ. 2003ರಿಂದ ಗೇಟ್ಸ್ ಪ್ರತಿಷ್ಠಾನದ ಆವಾಹನ್ ಯೋಜನೆ ಆರು ರಾಜ್ಯಗಳಲ್ಲಿ ನಡೆಯಿತು. ಕರ್ನಾಟಕದಲ್ಲಿ ಅದರ ಹೊಣೆ ಹೊತ್ತದ್ದು ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್. ಲೈಂಗಿಕ ವೃತ್ತಿಯ ಮಹಿಳೆಯರೇ ತಮ್ಮವರಿಗೆ ತಿಳಿಹೇಳಿದರು, ಕಾಂಡೋಮ್ ಹಂಚಿದರು, ಗುಹ್ಯರೋಗಕ್ಕೆ ಕ್ಲಿನಿಕ್ಕಿಗೆ ಕರೆದುಕೊಂಡು ಹೋದರು. ಪೊಲೀಸರು ಬ್ಯಾಗಿನಲ್ಲಿ ಕಾಂಡೋಮ್ ಸಿಕ್ಕಿತು ಅಂತ ಹಿಡಿದರೆ ಒಟ್ಟಾಗಿ ಠಾಣೆಗೆ ಹೋಗಿ ಮಾತಾಡಿದರು. ಮೈಸೂರಿನಲ್ಲಿ ಅವರದೇ ಸಂಘ ಆಶೋದಯ ಸಮಿತಿ ಹೀಗೆ ಬೆಳೆಯಿತು. ಪೊಲೀಸ್ ಕಾಟ ಇದ್ದಲ್ಲಿ ಯಾರೂ ಕ್ಲಿನಿಕ್ಕಿಗೆ ಬರುವುದಿಲ್ಲ. ಹಾಗಾಗಿ ಒಬ್ಬ ಎಸ್‌ಪಿ ಠಾಣೆಗಳಿಗೆ ಕೊಡುವ ಸೂಚನೆ ಕೂಡ ಆರೋಗ್ಯದ ಕೆಲಸವೇ.

ಚಿಕಿತ್ಸೆಯೂ ಈಗ ಬಹಳ ಬದಲಾಗಿದೆ. ಮೊದಲು ಸಿಡಿ4, ಅಂದರೆ ರೋಗದ ವಿರುದ್ಧ ಹೋರಾಡುವ ರಕ್ತಕಣಗಳ ಎಣಿಕೆ ಕುಸಿದ ಮೇಲೆ ಗುಳಿಗೆ ಕೊಡುತ್ತಿದ್ದರು. 2017ರಿಂದ ಸೋಂಕು ಖಚಿತವಾದ ಕೂಡಲೇ ಕೊಡುತ್ತಾರೆ. ಮೂರು ಬೇರೆ ಬೇರೆ ಪರೀಕ್ಷೆಯಲ್ಲಿ ಪಾಸಿಟಿವ್ ಬಂದರೆ ಮಾತ್ರ ಖಚಿತ. ಹೆಚ್ಚಿನವರಿಗೆ ದಿನಕ್ಕೆ ಒಂದೇ ಗುಳಿಗೆ. ತಪ್ಪದೆ ತೆಗೆದುಕೊಂಡು ವೈರಲ್ ಲೋಡ್, ಅಂದರೆ ರಕ್ತದಲ್ಲಿರುವ ವೈರಸ್ಸಿನ ಪ್ರಮಾಣ, ಪರೀಕ್ಷೆಯಲ್ಲಿ ಸಿಗದಷ್ಟು ಕಡಿಮೆಯಾದರೆ, ಹಾಗೇ ಉಳಿದರೆ, ಅವರಿಂದ ಲೈಂಗಿಕವಾಗಿ ಇನ್ನೊಬ್ಬರಿಗೆ ಸೋಂಕು ಹರಡುವುದಿಲ್ಲ. ಅಂದರೆ ಗುಳಿಗೆಯ ಡಬ್ಬಿ ಚಿಕಿತ್ಸೆಯೂ ಹೌದು, ತಡೆಯೂ ಹೌದು. ಒಬ್ಬರು ಗುಳಿಗೆ ಬಿಟ್ಟರೆ ನಷ್ಟ ಅವರೊಬ್ಬರದೇ ಅಲ್ಲ.

ಅವರು ಬಿಡುವುದು ಯಾಕೆ? ಹಲವು ಸಲ ದೂರದ ಕಾರಣಕ್ಕೆ. ಮೊಳಕಾಲ್ಮೂರಿನ ರಾಂಪುರದವರಿಗೆ ಸ್ವಂತ ಜಿಲ್ಲಾ ಕೇಂದ್ರ ಚಿತ್ರದುರ್ಗಕ್ಕಿಂತ ಬಳ್ಳಾರಿ ಹತ್ತಿರ. ಮೊಳಕಾಲ್ಮೂರು ಪೇಟೆಯಿಂದ ಆಂಧ್ರದ ರಾಯದುರ್ಗ ಇನ್ನೂ ಹತ್ತಿರ. ಕೂಲಿ ಬಿಟ್ಟು, ಬಸ್ ಹಿಡಿದು, ಕ್ಯೂ ನಿಂತು, ವಾಪಸ್ ಬರುವ ಹೊತ್ತಿಗೆ ದಿನ ಮುಗಿಯುತ್ತದೆ. ತಾಲ್ಲೂಕು ಮಟ್ಟದ ಲಿಂಕ್ ಎಆರ್‌ಟಿ ಕೇಂದ್ರಗಳು, ಒಮ್ಮೆಗೇ ಎರಡು ಮೂರು ತಿಂಗಳ ಗುಳಿಗೆ ಕೊಡುವ ಪದ್ಧತಿ ಇದಕ್ಕಾಗಿಯೇ ಬಂದವು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ ಚಾರ್ಜ್ ಇಲ್ಲ. ಎಚ್‌ಐವಿಗಾಗಿ ಮಾಡಿದ ಯೋಜನೆ ಅಲ್ಲದಿದ್ದರೂ ಗುಳಿಗೆಗೆ ಬರುವ ಹೆಂಗಸರ ಖರ್ಚು ಉಳಿಸುತ್ತದೆ. ಗಂಡಸರಿಗೆ ಅದಿಲ್ಲ.

ಗ್ರಾಮ ಪಂಚಾಯತಿ ವಿಷಯದಲ್ಲಿ ಒಂದು ಮಾತು ಖಡಾಖಂಡಿತವಾಗಿ ಹೇಳಬೇಕು. "ನಮ್ಮೂರಲ್ಲಿ ಯಾರ್ಯಾರಿಗಿದೆ, ಪಟ್ಟಿ ಕೊಡಿ, ಸವಲತ್ತು ಮಾಡಿಸ್ತೀವಿ" ಅಂತ ಒಳ್ಳೆಯ ಮನಸ್ಸಿನಿಂದಲೇ ಕೇಳುವ ಸದಸ್ಯರಿದ್ದಾರೆ. ಕೊಡುವಂತಿಲ್ಲ. 2017ರ ಎಚ್‌ಐವಿ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ವ್ಯಕ್ತಿಯ ಒಪ್ಪಿಗೆ ಇಲ್ಲದೆ ಅವರ ಸೋಂಕಿನ ವಿಷಯ ಬಯಲು ಮಾಡಬಾರದು. ಕೆಲಸ, ಶಾಲೆ, ಬಾಡಿಗೆ ಮನೆ, ಚಿಕಿತ್ಸೆ, ಯಾವುದರಲ್ಲೂ ಭೇದ ಮಾಡಬಾರದು. ಸೋಂಕಿತರ ವಿರುದ್ಧ ದ್ವೇಷ ಹರಡಿದರೆ ಮೂರು ತಿಂಗಳಿಂದ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ ಆಗಬಹುದು. ಪಂಚಾಯತಿ ಸಹಾಯ ಮಾಡಬೇಕೆಂದರೆ ಹೆಸರು ಬೇಕಾಗಿಲ್ಲ. ವಿಧವೆಗೆ ಪಿಂಚಣಿ, ಬಡವರಿಗೆ ಮನೆ, ಸರ್ಕಾರದ ಉದ್ಯೋಗ ಯೋಜನೆಯಲ್ಲಿ ಊರಲ್ಲೇ ಕೆಲಸ ಸಿಕ್ಕರೆ ಅರ್ಧ ಗುಳೆ ನಿಲ್ಲುತ್ತದೆ. ಗುಳೆ ನಿಂತರೆ ಗುಳಿಗೆ ತಪ್ಪುವುದಿಲ್ಲ. ಸೋಂಕಿತ ಮಹಿಳೆಯರಿಗೆ ಮಹಿಳಾ ಅಭಿವೃದ್ಧಿ ನಿಗಮದ ಧನಶ್ರೀ, ಲೈಂಗಿಕ ವೃತ್ತಿಯವರಿಗೆ ಚೇತನ ಅನ್ನುವ ಯೋಜನೆಗಳಿವೆ. ಅರ್ಜಿ ಗುಟ್ಟಾಗಿ ಹೋಗುವ ದಾರಿ ಇದ್ದರೆ ಮಾತ್ರ ಜನ ಹಾಕುತ್ತಾರೆ.

ಈಗ ತವರಿಗೆ ಹೋದ ಹುಡುಗಿಯ ವಿಷಯ. ಚಿಕಿತ್ಸೆ ಇಲ್ಲದಿದ್ದರೆ ತಾಯಿಯಿಂದ ಮಗುವಿಗೆ ಸೋಂಕು ಹೋಗುವ ಸಾಧ್ಯತೆ ನೂರಕ್ಕೆ 15ರಿಂದ 45. ತಾಯಿ ಗುಳಿಗೆ ತೆಗೆದುಕೊಂಡು, ಮಗುವಿಗೆ ಹುಟ್ಟಿದ ಕೂಡಲೇ ಸಿರಪ್ ಹಾಕಿದರೆ ಅದು ನೂರಕ್ಕೆ 5ಕ್ಕಿಂತ ಕೆಳಗೆ ಇಳಿಯುತ್ತದೆ. ಆರು ವಾರಕ್ಕೆ ಮಗುವಿನ ಮೊದಲ ಪರೀಕ್ಷೆ, ಕೊನೆಯದು 18 ತಿಂಗಳಿಗೆ. ಹೊಳಲ್ಕೆರೆಯಲ್ಲಿ ಗುಳಿಗೆ ಶುರು ಮಾಡಿದವಳು ಹೊನ್ನಾಳಿಗೆ ಹೋದಾಗ ಎರಡು ಜಿಲ್ಲೆಯ ಸಮಾಲೋಚಕರು ಫೋನ್‌ನಲ್ಲಿ ಮಾತಾಡಿಕೊಳ್ಳದಿದ್ದರೆ ಈ ಸರಪಳಿ ಅಲ್ಲೇ ಕಡಿಯುತ್ತದೆ. ಹೆರಿಗೆ ಮಾಡಿಸುವವರಿಗೆ ವಿಷಯ ಗೊತ್ತಾಗುವುದಿಲ್ಲ, ಅವಳಾಗಿ ಅವ್ವನ ಎದುರು ಬಾಯಿ ಬಿಡುವುದಿಲ್ಲ.

ಮುಂದಿನ ಡಿಸೆಂಬರ್ 1ರ ಪತ್ರಿಕಾಗೋಷ್ಠಿಯಲ್ಲಿ "ಎಷ್ಟು ಪಾಸಿಟಿವ್" ಅನ್ನುವುದರ ಜೊತೆಗೆ ವರದಿಗಾರರು ಬೇರೆ ನಾಲ್ಕು ಪ್ರಶ್ನೆ ಕೇಳಲಿ ಅನ್ನಿಸುತ್ತದೆ. ಚಿಕಿತ್ಸೆ ಶುರು ಮಾಡಿದವರಲ್ಲಿ ಎಷ್ಟು ಜನ ಗುಳಿಗೆ ಬಿಟ್ಟಿದ್ದಾರೆ, ಯಾವ ತಾಲ್ಲೂಕಿನವರು? ವರ್ಷಕ್ಕೊಮ್ಮೆ ವೈರಲ್ ಲೋಡ್ ಪರೀಕ್ಷೆ ಎಷ್ಟು ಜನಕ್ಕೆ ಆಗಿದೆ? ಸೋಂಕಿತ ತಾಯಂದಿರಿಗೆ ಹುಟ್ಟಿದ ಮಕ್ಕಳಲ್ಲಿ 18 ತಿಂಗಳ ಪರೀಕ್ಷೆ ಮುಗಿದದ್ದು ಎಷ್ಟು? ಸಮಾಲೋಚಕರ, ಲ್ಯಾಬ್ ಟೆಕ್ನಿಷಿಯನ್‌ಗಳ ಎಷ್ಟು ಹುದ್ದೆ ಖಾಲಿ? ಇವಕ್ಕೆ ಉತ್ತರ ಜಿಲ್ಲೆಯ ಕೈಯಲ್ಲೇ ಇದೆ. ಹೆದ್ದಾರಿಯನ್ನೋ ಬರವನ್ನೋ ಹಳೆಯ ಪದ್ಧತಿಯನ್ನೋ ದೂರಿ ತಪ್ಪಿಸಿಕೊಳ್ಳುವಂತಿಲ್ಲ.

ಗುಳೆ ಹೋಗುವವರಿಗೆ, ತವರಿಗೆ ಹೋಗುವವರಿಗೆ ಉಪಯೋಗಕ್ಕೆ ಬರುವ ಒಂದು ವಿಷಯ. ಒಂದು ಎಆರ್‌ಟಿ ಕೇಂದ್ರದಿಂದ ಇನ್ನೊಂದಕ್ಕೆ ವರ್ಗ ಮಾಡಿಸಿಕೊಳ್ಳಬಹುದು, ಬೇರೆ ರಾಜ್ಯಕ್ಕೂ ಆಗುತ್ತದೆ. ಊರು ಬಿಡುವ ಮೊದಲು ಕೇಂದ್ರದಲ್ಲಿ ಹೇಳಿ ಕಾಗದ ಮಾಡಿಸಿಕೊಳ್ಳಬೇಕು, ಚಿಕಿತ್ಸೆಯ ಪುಸ್ತಕ ಜೊತೆಗಿಟ್ಟುಕೊಳ್ಳಬೇಕು. ಎಲ್ಲಿ ಯಾವ ಕೇಂದ್ರ ಇದೆ ಅಂತ ಗೊತ್ತಿಲ್ಲದಿದ್ದರೆ 1097ಕ್ಕೆ ಫೋನ್ ಮಾಡಿ ಕೇಳಬಹುದು. ಅದಕ್ಕೆ ದುಡ್ಡಿಲ್ಲ.